ಸಿ ಭಾಷೆಯಲ್ಲಿ ಸ್ಟ್ರಿಂಗ್‌ನೊಳಗೆ ಒಂದು ಅಕ್ಷರವನ್ನು ಹುಡುಕುವುದು ಹೇಗೆ?

ಯಾವುದೋ ಅರ್ಜಿಯಲ್ಲಿ ಇಮೇಲ್ ವಿಳಾಸ ಬರೆಯುವಾಗ ‘@’ ಚಿಹ್ನೆ ಬಿಟ್ಟುಹೋದರೆ ಕೂಡಲೇ ಕೆಂಪಕ್ಷರದಲ್ಲಿ ಎಚ್ಚರಿಕೆ ಬರುತ್ತದೆ. ಫೋಟೋ ಕೇಳಿದ ಕಡೆ ಪಿಡಿಎಫ್ ಹಾಕಿದರೆ ‘ಈ ಬಗೆಯ ಫೈಲ್ ನಡೆಯುವುದಿಲ್ಲ’ ಎನ್ನುತ್ತದೆ. ಎರಡರ ಹಿಂದೆಯೂ ಇರುವುದು ಒಂದೇ ಸಣ್ಣ ಕೆಲಸ: ಅಕ್ಷರಗಳ ಸಾಲಿನಲ್ಲಿ ನಮಗೆ ಬೇಕಾದ ಅಕ್ಷರ ಇದೆಯೇ, ಇದ್ದರೆ ಎಲ್ಲಿದೆ ಎಂದು ನೋಡುವುದು.

ಸಿ ಭಾಷೆ ಕಲಿಯುವವರಿಗೆ ಲ್ಯಾಬ್‌ನ ಮೊದಲ ಕೆಲವು ವಾರಗಳಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ನಾಲ್ಕು ಸಾಲಿನ ಉತ್ತರ ಬರೆದು ಅಂಕ ಪಡೆಯುವುದು ಸುಲಭ. ಆದರೆ ಈ ಪುಟ್ಟ ಹುಡುಕಾಟದಲ್ಲಿ ಆದ ತಪ್ಪುಗಳು ಬ್ರೌಸರ್‌ಗಳನ್ನು ಮೋಸಗೊಳಿಸಿವೆ, ಲಕ್ಷಾಂತರ ಜನರನ್ನು ನಿಮಿಷಗಟ್ಟಲೆ ಕಾಯಿಸಿವೆ. ಕನ್ನಡದ ಹೆಸರುಗಳು ಪರದೆಯ ಮೇಲೆ ಅರ್ಧಕ್ಕೆ ತುಂಡಾಗುವುದೂ ಇದೇ ಬಗೆಯ ತಪ್ಪಿನಿಂದ. ಹಾಗಾಗಿ ಇದನ್ನು ಬುಡದಿಂದಲೇ ನೋಡೋಣ.

ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಂದರೇನು?

ಅನೇಕ ಭಾಷೆಗಳಲ್ಲಿ ಸ್ಟ್ರಿಂಗ್ ಎಂಬುದು ಒಂದು ಪ್ರತ್ಯೇಕ ದತ್ತಾಂಶ ಬಗೆ. ತನ್ನ ಉದ್ದ ಎಷ್ಟು ಎಂಬುದು ಅದಕ್ಕೇ ಗೊತ್ತಿರುತ್ತದೆ. ಸಿ ಭಾಷೆಯಲ್ಲಿ ಹಾಗಿಲ್ಲ. ಇಲ್ಲಿ ಸ್ಟ್ರಿಂಗ್ ಎಂದರೆ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇರುವ ಬೈಟ್‌ಗಳ ಸಾಲು, ಅದರ ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟ್. ಈ ಕೊನೆಯ ಬೈಟ್‌ಗೆ ‘ನಲ್’ ಎಂದು ಹೆಸರು. ಇದು ‘0’ ಎಂಬ ಅಂಕಿಯಲ್ಲ ಎಂಬುದನ್ನು ಗಮನಿಸಿ. ‘0’ ಎಂಬ ಅಂಕಿಯ ಆಸ್ಕಿ ಸಂಖ್ಯೆ 48, ನಲ್‌ನದು ಬರೀ 0.

ಮೈಸೂರು ಎಂಬ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಎಂ, ವೈ, ಎಸ್, ಯು, ಆರ್, ಯು ಎಂದು ಬರೆದೆವು ಎನ್ನಿ. ಮೆಮೊರಿಯಲ್ಲಿ ಅದು ಹೀಗೆ ಕುಳಿತಿರುತ್ತದೆ:

ಸ್ಥಾನ 0: ಎಂ (77)
ಸ್ಥಾನ 1: ವೈ (89)
ಸ್ಥಾನ 2: ಎಸ್ (83)
ಸ್ಥಾನ 3: ಯು (85)
ಸ್ಥಾನ 4: ಆರ್ (82)
ಸ್ಥಾನ 5: ಯು (85)
ಸ್ಥಾನ 6: ನಲ್ (0)

ಕಣ್ಣಿಗೆ ಕಾಣುವುದು ಆರು ಅಕ್ಷರ, ಬೇಕಾದ ಜಾಗ ಏಳು ಬೈಟ್. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗುತ್ತದೆ.

ಉದ್ದವನ್ನು ಮೊದಲೇ ಬರೆದಿಡದೆ ಕೊನೆಯಲ್ಲಿ ಗುರುತು ಹಾಕುವ ಈ ಪದ್ಧತಿ ಏಕೆ ಬಂತು? ಸಿ ಭಾಷೆಯ ಪೂರ್ವಜನಾದ ಬಿಸಿಪಿಎಲ್ ಭಾಷೆಯಲ್ಲಿ ಸ್ಟ್ರಿಂಗ್‌ನ ಮೊದಲಲ್ಲೇ ಉದ್ದವನ್ನು ಬರೆದಿಡುತ್ತಿದ್ದರು. ಆ ಉದ್ದಕ್ಕೆ ಮೀಸಲಾದ ಜಾಗ 8 ಅಥವಾ 9 ಬಿಟ್ ಮಾತ್ರ. ಅಂದರೆ ಸ್ಟ್ರಿಂಗ್ ಎಷ್ಟು ಉದ್ದ ಇರಬಹುದು ಎಂಬುದಕ್ಕೆ ಅಲ್ಲೇ ಮಿತಿ ಬೀಳುತ್ತಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ, ಆ ಮಿತಿಯನ್ನು ತಪ್ಪಿಸುವುದು ಮತ್ತು ಉದ್ದದ ಲೆಕ್ಕ ಇಡುವುದಕ್ಕಿಂತ ಕೊನೆಗೊಂದು ಗುರುತು ಹಾಕುವುದು ಅನುಕೂಲ ಎನಿಸಿದ್ದು, ಇವೆರಡೇ ಕಾರಣಗಳೆಂದು ಮುಂದೆ ವಿವರಿಸಿದ್ದಾರೆ. ಅಂದಿನ ಅನುಕೂಲದ ಲಾಭವನ್ನೂ ನಷ್ಟವನ್ನೂ ನಾವು ಇವತ್ತಿಗೂ ಉಣ್ಣುತ್ತಿದ್ದೇವೆ.

ಕೈಯಾರೆ ಹುಡುಕುವ ವಿಧಾನ

ಹೊಸ ಬಡಾವಣೆಯೊಂದರ ಬೀದಿಯಲ್ಲಿ ಅಂಚೆಯವರು ಒಂದು ಹೆಸರು ಹುಡುಕುತ್ತಿದ್ದಾರೆ. ಮೊದಲ ಮನೆಯ ಫಲಕ ನೋಡುತ್ತಾರೆ, ಅದಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಬೀದಿ ಮುಗಿದ ಕಡೆ ‘ಮುಂದೆ ದಾರಿಯಿಲ್ಲ’ ಎಂಬ ಫಲಕ ಕಂಡರೆ ಹೆಸರು ಇಲ್ಲಿಲ್ಲ ಎಂದು ಹಿಂದಿರುಗುತ್ತಾರೆ. ಸಿ ಭಾಷೆಯಲ್ಲಿ ಬರೆಯುವ ಲೂಪ್ ಕೂಡ ಇಷ್ಟೇ:

1. ಸ್ಥಾನಸೂಚಿಯನ್ನು 0 ಎಂದು ಇಟ್ಟುಕೊಳ್ಳಿ.
2. ಆ ಸ್ಥಾನದ ಬೈಟ್ ನಲ್ ಆಗಿದ್ದರೆ ಹುಡುಕಾಟ ಮುಗಿಯಿತು, ಅಕ್ಷರ ಸಿಗಲಿಲ್ಲ. ‘ಇಲ್ಲ’ ಎಂದು ತಿಳಿಸಲು ವಾಡಿಕೆಯಂತೆ -1 ಹಿಂದಿರುಗಿಸಿ.
3. ಆ ಬೈಟ್ ನಮಗೆ ಬೇಕಾದ ಅಕ್ಷರಕ್ಕೆ ಸಮವಾಗಿದ್ದರೆ ಸ್ಥಾನಸೂಚಿಯನ್ನೇ ಉತ್ತರವಾಗಿ ಕೊಡಿ.
4. ಎರಡೂ ಅಲ್ಲವಾದರೆ ಸ್ಥಾನಸೂಚಿಗೆ 1 ಕೂಡಿಸಿ ಎರಡನೇ ಹಂತಕ್ಕೆ ಹೋಗಿ.

ನಮ್ಮ ಉದಾಹರಣೆಯಲ್ಲಿ ‘ಯು’ ಹುಡುಕಿದರೆ 3 ಎಂಬ ಉತ್ತರ ಬರುತ್ತದೆ. ಸ್ಥಾನ 5ರಲ್ಲಿ ಇನ್ನೊಂದು ‘ಯು’ ಇದ್ದರೂ ಲೂಪ್ ಅಲ್ಲಿಯವರೆಗೆ ಹೋಗುವುದಿಲ್ಲ. ಎಷ್ಟು ಸಲ ಬಂದಿದೆ ಎಂದು ತಿಳಿಯಬೇಕಿದ್ದರೆ ಮೂರನೇ ಹಂತದಲ್ಲಿ ನಿಲ್ಲುವ ಬದಲು ಲೆಕ್ಕವನ್ನು ಒಂದು ಹೆಚ್ಚಿಸಿ ಮುಂದುವರಿಯಿರಿ.

ಸಣ್ಣಕ್ಷರದ ‘ಯು’ ಹುಡುಕಿದರೆ ಉತ್ತರ -1. ದೊಡ್ಡಕ್ಷರದ ಸಂಖ್ಯೆ 85, ಸಣ್ಣಕ್ಷರದ್ದು 117. ನಮಗೆ ಎರಡೂ ಒಂದೇ ಅಕ್ಷರ, ಯಂತ್ರಕ್ಕೆ ಎರಡು ಬೇರೆ ಬೇರೆ ಸಂಖ್ಯೆಗಳು. ಈ ವ್ಯತ್ಯಾಸ ಬೇಡ ಎಂದಾದರೆ ಹೋಲಿಸುವ ಮೊದಲು ಎರಡನ್ನೂ ಸಣ್ಣಕ್ಷರಕ್ಕೆ ಪರಿವರ್ತಿಸಿಕೊಳ್ಳಬೇಕು.

ಸಿದ್ಧ ಫಂಕ್ಷನ್: ಸ್ಟ್ರ್‌ಚರ್

ಪ್ರತಿ ಬಾರಿಯೂ ಲೂಪ್ ಬರೆಯಬೇಕಿಲ್ಲ. ಸಿ ಭಾಷೆಯ ‘ಸ್ಟ್ರಿಂಗ್ ಡಾಟ್ ಎಚ್’ ಹೆಡರ್ ಫೈಲ್‌ನಲ್ಲಿ ಇದಕ್ಕೆಂದೇ ಒಂದು ಫಂಕ್ಷನ್ ಇದೆ. ಕೀಲಿಮಣೆಯಲ್ಲಿ ಎಸ್, ಟಿ, ಆರ್, ಸಿ, ಎಚ್, ಆರ್ ಎಂದು ಒತ್ತಬೇಕು. ಇಲ್ಲಿ ಅದನ್ನು ‘ಸ್ಟ್ರ್‌ಚರ್’ ಎಂದು ಕರೆಯೋಣ. ಹಳೆಯ ಯುನಿಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಇಂಡೆಕ್ಸ್’ ಎಂಬ ಫಂಕ್ಷನ್ ಇತ್ತು. 1989ರ ಆನ್ಸಿ ಮಾನದಂಡ ಸ್ಟ್ರ್‌ಚರ್ ಹೆಸರನ್ನು ಅಧಿಕೃತಗೊಳಿಸಿತು.

ಇದಕ್ಕೆ ಎರಡು ವಿಷಯ ಕೊಡಬೇಕು: ಎಲ್ಲಿ ಹುಡುಕಬೇಕು ಎಂಬ ಸ್ಟ್ರಿಂಗ್, ಏನನ್ನು ಹುಡುಕಬೇಕು ಎಂಬ ಅಕ್ಷರ. ಉತ್ತರವಾಗಿ ಬರುವುದು ಸ್ಥಾನದ ಸಂಖ್ಯೆಯಲ್ಲ, ಪಾಯಿಂಟರ್. ಅಂದರೆ ಆ ಅಕ್ಷರ ಮೆಮೊರಿಯಲ್ಲಿ ಇರುವ ಜಾಗದ ವಿಳಾಸ. ಅಕ್ಷರ ಸಿಗದಿದ್ದರೆ ನಲ್ ಪಾಯಿಂಟರ್ ಬರುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಬಂದ ಪಾಯಿಂಟರನ್ನು ಸಂಖ್ಯೆಯೆಂದು ಮುದ್ರಿಸಿದರೆ ಯಾವುದೋ ಉದ್ದನೆಯ ವಿಳಾಸ ಕಾಣಿಸುತ್ತದೆ. ಸ್ಥಾನ ಬೇಕಾದರೆ ಬಂದ ಪಾಯಿಂಟರಿನಿಂದ ಸ್ಟ್ರಿಂಗ್‌ನ ಆರಂಭದ ಪಾಯಿಂಟರನ್ನು ಕಳೆಯಬೇಕು. ಬೀದಿಯ ಮೊದಲ ಮನೆ 1000ನೇ ವಿಳಾಸದಲ್ಲಿದ್ದು, ಸಿಕ್ಕ ಮನೆ 1003ರಲ್ಲಿದ್ದರೆ ಸ್ಥಾನ 3. ಆದರೆ ಕಳೆಯುವ ಮೊದಲು ಉತ್ತರ ನಲ್ ಅಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು. ಸಿಗದ ಮನೆಯ ವಿಳಾಸವನ್ನು ಲೆಕ್ಕಕ್ಕೆ ಹಿಡಿದರೆ ಉತ್ತರಕ್ಕೆ ಅರ್ಥವಿರುವುದಿಲ್ಲ. ಆ ವಿಳಾಸಕ್ಕೆ ಏನಾದರೂ ಬರೆಯಲು ಹೋದರೆ ಸಾಮಾನ್ಯವಾಗಿ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ.

ಪಾಯಿಂಟರ್ ಕೊಡುವುದರಿಂದ ಒಂದು ಲಾಭವೂ ಇದೆ. ಸಿಕ್ಕ ಜಾಗದ ಮುಂದಿನ ಬೈಟ್‌ನಿಂದಲೇ ಮತ್ತೆ ಹುಡುಕಾಟ ಶುರುಮಾಡಬಹುದು. ಒಂದೊಂದೇ ‘ಯು’ವನ್ನು ಹೀಗೆ ಹಿಡಿಯುತ್ತಾ ಹೋಗಿ, ನಲ್ ಪಾಯಿಂಟರ್ ಬಂದಾಗ ನಿಲ್ಲಿಸಿದರೆ ಎಲ್ಲ ಸ್ಥಾನಗಳೂ ಸಿಕ್ಕಂತಾಯಿತು.

ಇದರ ಒಡಹುಟ್ಟಿದವರು

ಸ್ಟ್ರ್‌ಆರ್‌ಚರ್: ಹೆಸರಿನಲ್ಲಿ ಒಂದು ‘ಆರ್’ ಹೆಚ್ಚು. ಇದು ಅಕ್ಷರ ಕೊನೆಯ ಬಾರಿ ಬಂದ ಜಾಗವನ್ನು ಕೊಡುತ್ತದೆ. ಮೈಸೂರು ಉದಾಹರಣೆಯಲ್ಲಿ ‘ಯು’ಗೆ ಸ್ಥಾನ 5 ಸಿಗುತ್ತದೆ. ಫೈಲ್ ಹೆಸರಿನ ಕೊನೆಯ ಚುಕ್ಕೆ ಹುಡುಕಿ ಅದು ಯಾವ ಬಗೆಯ ಫೈಲ್ ಎಂದು ತಿಳಿಯಲು ಇದೇ ಬಳಕೆ. ಆದರೆ ಫೋಲ್ಡರ್ ಹೆಸರಿನಲ್ಲಿ ಚುಕ್ಕೆ ಇದ್ದು ಫೈಲ್ ಹೆಸರಿನಲ್ಲಿ ಇಲ್ಲದಿದ್ದರೆ ತಪ್ಪು ಚುಕ್ಕೆ ಸಿಗುತ್ತದೆ. ಹಾಗಾಗಿ ಮೊದಲು ಕೊನೆಯ ಓರೆಗೆರೆಯನ್ನು ಹುಡುಕಿ, ಅದರ ಆಚೆಗಷ್ಟೇ ಚುಕ್ಕೆ ಹುಡುಕುವುದು ಸರಿ.

ಮೆಮ್‌ಚರ್: ಇದು ನಲ್ ನೋಡಿ ನಿಲ್ಲುವುದಿಲ್ಲ. ಎಷ್ಟು ಬೈಟ್ ನೋಡಬೇಕು ಎಂದು ನಾವೇ ಹೇಳಬೇಕು. ನೆಟ್‌ವರ್ಕ್‌ನಿಂದ ಬಂದ ದತ್ತಾಂಶ, ಚಿತ್ರದ ಫೈಲ್ ಮುಂತಾಗಿ ನಡುವೆಯೇ ಸೊನ್ನೆ ಬೈಟ್ ಇರಬಹುದಾದ ಕಡೆ ಇದೇ ಸರಿ.

ಸ್ಟ್ರ್‌ಪಿಬ್ರೇಕ್: ಹಲವು ಅಕ್ಷರಗಳ ಪಟ್ಟಿ ಕೊಟ್ಟರೆ ಅವುಗಳಲ್ಲಿ ಯಾವುದಾದರೂ ಒಂದು ಮೊದಲು ಬಂದ ಜಾಗವನ್ನು ತೋರಿಸುತ್ತದೆ. ಅಲ್ಪವಿರಾಮವೋ ಅರ್ಧವಿರಾಮವೋ ಯಾವುದು ಮೊದಲು ಬಂದಿತೋ ಅಲ್ಲಿ ಸಾಲನ್ನು ಒಡೆಯಬೇಕಾದಾಗ ಉಪಯುಕ್ತ.

ಸ್ಟ್ರ್‌ಸಿಸ್ಪನ್: ಪಟ್ಟಿಯ ಅಕ್ಷರ ಬರುವ ತನಕ ಎಷ್ಟು ಬೈಟ್ ಇದೆ ಎಂದು ಎಣಿಸಿಕೊಡುತ್ತದೆ. ಪಾಯಿಂಟರ್ ಬದಲು ಸಂಖ್ಯೆ ಬರುವುದು ಇದರ ಅನುಕೂಲ. ಅಕ್ಷರ ಸಿಗದಿದ್ದರೆ ಸ್ಟ್ರಿಂಗ್‌ನ ಪೂರ್ಣ ಉದ್ದ ಬರುತ್ತದೆ.

ಸ್ಟ್ರ್‌ಸ್ಟ್ರ್: ಒಂದು ಅಕ್ಷರವಲ್ಲ, ಒಂದು ಇಡೀ ತುಣುಕನ್ನು ಹುಡುಕುತ್ತದೆ. ಕನ್ನಡದ ವಿಷಯಕ್ಕೆ ಬಂದಾಗ ಇದರ ಮಹತ್ವ ತಿಳಿಯುತ್ತದೆ.

ಎಲ್ಲೆಲ್ಲಿ ಎಡವುತ್ತಾರೆ?

ಕೊನೆಯ ನಲ್ ಕೂಡ ಸ್ಟ್ರ್‌ಚರ್ ಕಣ್ಣಿಗೆ ಒಂದು ಅಕ್ಷರವೇ. ನಲ್ ಹುಡುಕಿಕೊಡು ಎಂದರೆ ‘ಇಲ್ಲ’ ಎನ್ನದೆ ಸ್ಟ್ರಿಂಗ್‌ನ ತುದಿಯನ್ನು ತೋರಿಸುತ್ತದೆ. ಇದರಿಂದ ವಿಚಿತ್ರ ತಪ್ಪಾಗುತ್ತದೆ. ಒಂದು ಅಕ್ಷರ ಇಂಗ್ಲಿಷ್ ಸ್ವರವೇ ಎಂದು ತಿಳಿಯಲು ಐದು ಸ್ವರಗಳ ಸ್ಟ್ರಿಂಗ್‌ನಲ್ಲಿ ಅದನ್ನು ಸ್ಟ್ರ್‌ಚರ್ ಮೂಲಕ ಹುಡುಕುವುದು ಜನಪ್ರಿಯ ಉಪಾಯ. ಆದರೆ ಪರೀಕ್ಷಿಸಬೇಕಾದ ಅಕ್ಷರವೇ ನಲ್ ಆಗಿದ್ದರೆ ಉತ್ತರ ‘ಹೌದು, ಸ್ವರ’ ಎಂದು ಬರುತ್ತದೆ! ನಲ್ ಅಲ್ಲ ಎಂದು ಮೊದಲೇ ನೋಡಿಕೊಳ್ಳಬೇಕು.

ಬಳಕೆದಾರರು ಟೈಪ್ ಮಾಡಿದ ಸಾಲನ್ನು ‘ಎಫ್‌ಗೆಟ್ಸ್’ ಫಂಕ್ಷನ್‌ನಿಂದ ಓದಿದಾಗ ಎಂಟರ್ ಒತ್ತಿದ ಗುರುತು, ಅಂದರೆ ಹೊಸಸಾಲಿನ ಅಕ್ಷರವೂ ಸ್ಟ್ರಿಂಗ್‌ಗೆ ಸೇರಿಕೊಳ್ಳುತ್ತದೆ. ಸ್ಟ್ರ್‌ಚರ್‌ನಿಂದ ಅದನ್ನು ಹುಡುಕಿ ಅಲ್ಲಿ ನಲ್ ಬರೆಯುವುದು ರೂಢಿ. ಸಾಲು ನಾವು ಇಟ್ಟ ಜಾಗಕ್ಕಿಂತ ಉದ್ದವಿದ್ದರೆ ಹೊಸಸಾಲಿನ ಗುರುತು ಬಂದೇ ಇರುವುದಿಲ್ಲ, ಉತ್ತರ ನಲ್ ಪಾಯಿಂಟರ್ ಆಗಿರುತ್ತದೆ. ಪರೀಕ್ಷಿಸದೆ ಬರೆದರೆ ಪ್ರೋಗ್ರಾಂ ಕುಸಿಯುತ್ತದೆ. ಇಲ್ಲಿ ಸ್ಟ್ರ್‌ಸಿಸ್ಪನ್ ಬಳಸುವುದು ಸುರಕ್ಷಿತ. ಗುರುತು ಇದ್ದರೆ ಅದರ ಸ್ಥಾನ, ಇಲ್ಲದಿದ್ದರೆ ಈಗಾಗಲೇ ಇರುವ ನಲ್‌ನ ಸ್ಥಾನ ಸಿಗುತ್ತದೆ. ಎರಡೂ ಸಂದರ್ಭದಲ್ಲಿ ಅಲ್ಲಿ ನಲ್ ಬರೆದರೆ ತೊಂದರೆಯಿಲ್ಲ.

ಒಂಟಿ ಉದ್ಧರಣ ಚಿಹ್ನೆ ಮತ್ತು ಜೋಡಿ ಉದ್ಧರಣ ಚಿಹ್ನೆ ಒಂದೇ ಅಲ್ಲ. ಒಂಟಿ ಚಿಹ್ನೆಯೊಳಗೆ ಬರೆದದ್ದು ಅಕ್ಷರ, ಅಂದರೆ ಒಂದು ಸಂಖ್ಯೆ. ಜೋಡಿ ಚಿಹ್ನೆಯೊಳಗೆ ಬರೆದದ್ದು ಸ್ಟ್ರಿಂಗ್, ಅಂದರೆ ಒಂದು ವಿಳಾಸ. ಸ್ಟ್ರ್‌ಚರ್‌ಗೆ ಎರಡನೆಯದಾಗಿ ಸ್ಟ್ರಿಂಗ್ ಕೊಟ್ಟರೆ ಕಂಪೈಲರ್ ಗೊಣಗುತ್ತದೆ. ಆ ಗೊಣಗಾಟವನ್ನು ಕಡೆಗಣಿಸಬೇಡಿ.

ಇನ್ನು, ಮೈಸೂರು ಎಂಬ ಆರಕ್ಷರಕ್ಕೆ ಸರಿಯಾಗಿ ಆರೇ ಬೈಟ್‌ನ ಅರೇ ಘೋಷಿಸಿ ಅದಕ್ಕೆ ಆರಂಭದಲ್ಲೇ ಆ ಸ್ಟ್ರಿಂಗ್ ತುಂಬಿದರೆ ಸಿ ಭಾಷೆ ಅದನ್ನು ತಪ್ಪೆನ್ನುವುದಿಲ್ಲ. ಕೊನೆಯ ನಲ್ ಅನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆಗ ಅದು ಸ್ಟ್ರಿಂಗೇ ಅಲ್ಲ. ಅದರಲ್ಲಿ ಇಲ್ಲದ ಅಕ್ಷರ ಹುಡುಕಿದರೆ ಸ್ಟ್ರ್‌ಚರ್ ನಮ್ಮ ಬೀದಿ ದಾಟಿ ಪಕ್ಕದ ಬೀದಿಗೆ, ಅಂದರೆ ನಮ್ಮದಲ್ಲದ ಮೆಮೊರಿಗೆ ನುಗ್ಗುತ್ತದೆ. ಇವತ್ತು ಸರಿಯಾಗಿ ನಡೆದಂತೆ ಕಂಡು ನಾಳೆ ಕೈಕೊಡುವ ಪ್ರೋಗ್ರಾಂಗಳು ಹುಟ್ಟುವುದು ಹೀಗೆ.

ಸೊನ್ನೆಯೊಂದು ಬ್ರೌಸರ್‌ಗಳನ್ನು ಮೋಸಗೊಳಿಸಿದ್ದು

ನಲ್ ಬಂದಲ್ಲಿಗೆ ಸ್ಟ್ರಿಂಗ್ ಮುಗಿಯಿತು ಎಂದು ನಂಬುವುದು ಎಷ್ಟು ದುಬಾರಿಯಾಗಬಹುದು ಎಂಬುದನ್ನು 2009ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡ್ಯಾನ್ ಕಾಮಿನ್ಸ್ಕಿ ಎಂಬ ಭದ್ರತಾ ತಜ್ಞರು ಅಮೆರಿಕದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದರು.

ಜಾಲತಾಣ ಅಸಲಿಯೇ ಎಂದು ಬ್ರೌಸರ್ ತಿಳಿಯುವುದು ಪ್ರಮಾಣಪತ್ರದಿಂದ. ಆ ಪತ್ರದಲ್ಲಿ ತಾಣದ ಹೆಸರನ್ನು ಅದರ ಉದ್ದದ ಸಮೇತ ಬರೆದಿರುತ್ತಾರೆ. ಹಾಗಾಗಿ ಹೆಸರಿನ ನಡುವೆ ಸೊನ್ನೆ ಬೈಟ್ ಇದ್ದರೂ ಪತ್ರದ ಮಟ್ಟಿಗೆ ಅದು ಇನ್ನೊಂದು ಬೈಟ್ ಅಷ್ಟೇ. ಈಗ ‘ಕಳ್ಳ ಡಾಟ್ ಕಾಮ್’ ಎಂಬ ತಾಣದ ಮಾಲೀಕನೊಬ್ಬ ‘ಬ್ಯಾಂಕ್ ಡಾಟ್ ಕಾಮ್’, ಆಮೇಲೊಂದು ಸೊನ್ನೆ ಬೈಟ್, ಆಮೇಲೆ ‘ಡಾಟ್ ಕಳ್ಳ ಡಾಟ್ ಕಾಮ್’ ಎಂಬ ಉದ್ದ ಹೆಸರಿಗೆ ಪ್ರಮಾಣಪತ್ರ ಕೇಳಿದ ಎಂದುಕೊಳ್ಳಿ. ಪತ್ರ ಕೊಡುವ ಸಂಸ್ಥೆ ಹೆಸರಿನ ಬಾಲ ನೋಡುತ್ತದೆ. ಅದು ಅವನದೇ ತಾಣ, ಹಾಗಾಗಿ ಪತ್ರ ಸಿಗುತ್ತದೆ. ಬ್ರೌಸರ್ ಅದೇ ಹೆಸರನ್ನು ಸಿ ಸ್ಟ್ರಿಂಗ್ ಎಂದುಕೊಂಡು ಓದುತ್ತದೆ, ಸೊನ್ನೆ ಬಂದಲ್ಲಿ ನಿಲ್ಲುತ್ತದೆ. ಅದಕ್ಕೆ ಕಂಡಿದ್ದು ‘ಬ್ಯಾಂಕ್ ಡಾಟ್ ಕಾಮ್’ ಮಾತ್ರ.

ಒಂದೇ ಹೆಸರನ್ನು ಇಬ್ಬರು ಎರಡು ಬಗೆಯಲ್ಲಿ ಓದಿದ್ದೇ ಕಳ್ಳನಿಗೆ ಬಾಗಿಲಾಯಿತು. ಬ್ರೌಸರ್ ತಯಾರಕರು ಆಮೇಲೆ ಇದನ್ನು ಸರಿಪಡಿಸಿದರು. ತಿಳಿಯಬೇಕಾದ ಪಾಠ ಇಷ್ಟು: ಉದ್ದ ಗೊತ್ತಿರುವ ದತ್ತಾಂಶವನ್ನು ಉದ್ದದ ಪ್ರಕಾರವೇ ನೋಡಬೇಕು. ಹೊರಗಿನಿಂದ ಬಂದ ಹೆಸರನ್ನು ಸ್ಟ್ರಿಂಗ್ ಎಂದು ಒಪ್ಪಿಕೊಳ್ಳುವ ಮೊದಲು ಅದರ ನಡುವೆ ಸೊನ್ನೆ ಇದೆಯೇ ಎಂದು ಮೆಮ್‌ಚರ್‌ನಿಂದ ಹುಡುಕಿ, ಇದ್ದರೆ ತಿರಸ್ಕರಿಸಬೇಕು.

ಹುಡುಕಾಟ ಎಷ್ಟು ಹೊತ್ತು ಹಿಡಿಯುತ್ತದೆ?

ಒಂದು ಅಕ್ಷರ ಹುಡುಕಲು ಬೇಕಾಗುವ ಸಮಯ ಸ್ಟ್ರಿಂಗ್‌ನ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ. ಉದ್ದ ಎರಡು ಪಟ್ಟಾದರೆ, ಅಕ್ಷರ ಸಿಗದಿದ್ದಾಗ, ಕೆಲಸವೂ ಎರಡು ಪಟ್ಟು. ಇದು ಸಹಜ. ಆದರೆ ಲೂಪ್‌ನ ಷರತ್ತಿನಲ್ಲಿ ಪ್ರತಿ ಸುತ್ತಿಗೂ ಉದ್ದ ಅಳೆಯುವ ‘ಸ್ಟ್ರ್‌ಲೆನ್’ ಫಂಕ್ಷನ್ ಕರೆದರೆ ಕಥೆ ಬೇರೆ. ಸ್ಟ್ರ್‌ಲೆನ್ ಕೂಡ ಒಂದು ಹುಡುಕಾಟವೇ. ಅದು ಆರಂಭದಿಂದ ನಲ್ ಸಿಗುವ ತನಕ ನಡೆಯುತ್ತದೆ. 1,000 ಬೈಟ್‌ನ ಸ್ಟ್ರಿಂಗ್‌ನಲ್ಲಿ 1,000 ಸಲ ಉದ್ದ ಅಳೆದರೆ 10 ಲಕ್ಷ ಹೆಜ್ಜೆಯಾಯಿತು. ಸ್ಟ್ರಿಂಗ್ ಬದಲಾಗುವುದಿಲ್ಲ ಎಂದು ಖಚಿತವಾದಾಗ ಕಂಪೈಲರ್ ಕೆಲವೊಮ್ಮೆ ಇದನ್ನು ತಾನೇ ಸರಿಪಡಿಸುತ್ತದೆ. ಅದನ್ನೇ ನಂಬಿ ಕೂರುವುದು ಬೇಡ. ಉದ್ದವನ್ನು ಒಮ್ಮೆ ಅಳೆದು ಇಟ್ಟುಕೊಳ್ಳಿ, ಇಲ್ಲವೇ ಲೂಪ್‌ನಲ್ಲಿ ನಲ್ ಬಂತೇ ಎಂದಷ್ಟೇ ನೋಡಿ.

ಇದು ಬರೀ ಪುಸ್ತಕದ ಮಾತಲ್ಲ. ‘ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್’ ಎಂಬ ಆಟ ತೆರೆದುಕೊಳ್ಳಲು ವರ್ಷಗಟ್ಟಲೆ ಹಲವು ನಿಮಿಷ ಹಿಡಿಯುತ್ತಿತ್ತು. 2021ರಲ್ಲಿ ಒಬ್ಬ ಆಟಗಾರ ಕಾರಣವನ್ನು ತಾನೇ ಅಗೆದು ತೆಗೆದ. ಸುಮಾರು 10 ಮೆಗಾಬೈಟ್‌ನ ಒಂದು ಪಠ್ಯದಿಂದ ಒಂದೊಂದೇ ತುಣುಕು ಓದುವಾಗ ಬಳಸಿದ ‘ಎಸ್‌ಸ್ಕ್ಯಾನ್‌ಎಫ್’ ಫಂಕ್ಷನ್, ಪ್ರತಿ ತುಣುಕಿಗೂ ಉಳಿದ ಇಡೀ ಪಠ್ಯದ ತುದಿಯವರೆಗೆ ನಡೆದು ನಲ್ ಹುಡುಕುತ್ತಿತ್ತು. ಇದನ್ನೂ ಇನ್ನೊಂದು ಅಂಥದೇ ದೋಷವನ್ನೂ ಸರಿಪಡಿಸಿದಾಗ ಅವನ ಕಂಪ್ಯೂಟರಿನಲ್ಲಿ ಕಾಯುವ ಸಮಯ ಶೇ. 70ರಷ್ಟು ಇಳಿಯಿತು. ಆಟದ ಕಂಪನಿ ರಾಕ್‌ಸ್ಟಾರ್ ಇದನ್ನು ಒಪ್ಪಿ ತನ್ನ ಆಟದಲ್ಲೂ ತಿದ್ದುಪಡಿ ತಂದಿತು.

ಇನ್ನೊಂದು ಕಡೆ, ಸಿದ್ಧ ಸ್ಟ್ರ್‌ಚರ್ ನಾವು ಬರೆದ ಸರಳ ಲೂಪ್‌ಗಿಂತ ಸಾಮಾನ್ಯವಾಗಿ ವೇಗವಾಗಿರುತ್ತದೆ. ಲಿನಕ್ಸ್‌ನ ಜಿಲಿಬ್‌ಸಿಯಂಥ ಗ್ರಂಥಾಲಯಗಳು ಒಂದೊಂದೇ ಬೈಟ್ ನೋಡುವುದಿಲ್ಲ. 64 ಬಿಟ್ ಯಂತ್ರದಲ್ಲಿ 8 ಬೈಟ್‌ಗಳನ್ನು ಒಮ್ಮೆಗೇ ಎತ್ತಿ, ಅದರಲ್ಲಿ ಬೇಕಾದ ಬೈಟ್ ಅಥವಾ ನಲ್ ಇದೆಯೇ ಎಂದು ಕೂಡಿ ಕಳೆಯುವ ಒಂದು ಚಮತ್ಕಾರದಿಂದ ತಿಳಿಯುತ್ತವೆ. ಪ್ರೊಸೆಸರ್‌ನ ವಿಶೇಷ ಸೂಚನೆಗಳಿದ್ದರೆ 16 ಅಥವಾ 32 ಬೈಟ್‌ಗಳನ್ನು ಒಂದೇ ಏಟಿಗೆ ಹೋಲಿಸುತ್ತವೆ. ಕಲಿಯಲು ಲೂಪ್ ಬರೆಯಿರಿ, ಕೆಲಸಕ್ಕೆ ಸಿದ್ಧ ಫಂಕ್ಷನ್ ಬಳಸಿ.

ಕನ್ನಡದ ‘ಕ’ ಹುಡುಕಿದರೆ ಏನಾಗುತ್ತದೆ?

ಇಷ್ಟು ಹೊತ್ತು ಅಕ್ಷರವೆಂದರೆ ಒಂದು ಬೈಟ್ ಎಂದು ಭಾವಿಸಿದ್ದೆವು. ಇಂಗ್ಲಿಷ್‌ಗೆ ಇದು ಸರಿ. ಕನ್ನಡಕ್ಕೆ ಸರಿಯಲ್ಲ.

ಇಂದು ಜಾಲದಲ್ಲಿ ಕನ್ನಡ ಹೆಚ್ಚಾಗಿ ಯುಟಿಎಫ್-8 ಎಂಬ ವಿಧಾನದಲ್ಲಿ ಶೇಖರವಾಗುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ವಿಧಾನ ಇದು. ಇದರಲ್ಲಿ ಆಸ್ಕಿ ಅಕ್ಷರಗಳಿಗೆ ಒಂದು ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್. ‘ಕ’ ಎಂದರೆ 224, 178, 149. ‘ಕನ್ನಡ’ ಎಂಬ ಪದವನ್ನು ಸ್ಟ್ರ್‌ಲೆನ್‌ಗೆ ಕೊಟ್ಟರೆ 15 ಎನ್ನುತ್ತದೆ. ನಮ್ಮ ಬಾಯಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಮೆಮೊರಿಗೆ ಹದಿನೈದು ಬೈಟ್. ಮೂರೂ ಸರಿಯೇ, ಕೇಳುವ ಪ್ರಶ್ನೆ ಬೇರೆ ಬೇರೆ.

ಈಗ ಒಂಟಿ ಉದ್ಧರಣ ಚಿಹ್ನೆಯೊಳಗೆ ‘ಕ’ ಬರೆದು ಸ್ಟ್ರ್‌ಚರ್‌ಗೆ ಕೊಟ್ಟರೆ? ಕೆಲವು ಕಂಪೈಲರ್‌ಗಳು ಒಪ್ಪುವುದೇ ಇಲ್ಲ. ಜಿಸಿಸಿ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ಮೂರು ಬೈಟ್‌ಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಸಂಖ್ಯೆ ಮಾಡುತ್ತದೆ. ಸ್ಟ್ರ್‌ಚರ್ ಅದನ್ನು ಒಂದು ಬೈಟ್‌ಗೆ ಇಳಿಸಿದಾಗ ಉಳಿಯುವುದು ಕೊನೆಯ 149 ಮಾತ್ರ. ತಮಾಷೆಯೆಂದರೆ ಹಿಂದಿಯ ‘ಕ’, ತೆಲುಗಿನ ‘ಕ’, ತಮಿಳಿನ ‘ಕ’ ಎಲ್ಲದರ ಕೊನೆಯ ಬೈಟ್ ಕೂಡ 149. ಭಾರತೀಯ ಲಿಪಿಗಳನ್ನು ಯೂನಿಕೋಡ್‌ನಲ್ಲಿ ಒಂದೇ ಕ್ರಮದಲ್ಲಿ ಜೋಡಿಸಿರುವುದರಿಂದ ಹೀಗಾಗಿದೆ. ಹಾಗಾಗಿ ಕನ್ನಡದ ‘ಕ’ ಹುಡುಕಲು ಹೊರಟ ಪ್ರೋಗ್ರಾಂ ಹಿಂದಿ ಸಾಲಿನಲ್ಲೂ ‘ಸಿಕ್ಕಿತು’ ಎನ್ನಬಹುದು. ಸರಿಯಾದ ‘ಕ’ವೇ ಸಿಕ್ಕಿದರೂ ತೋರಿಸುವುದು ಅದರ ಮೂರನೇ ಬೈಟ್ ಅನ್ನು, ಆರಂಭವನ್ನಲ್ಲ.

ಪರಿಹಾರ ಸರಳ. ‘ಕ’ವನ್ನು ಅಕ್ಷರವೆಂದಲ್ಲ, ಜೋಡಿ ಉದ್ಧರಣದೊಳಗಿನ ಮೂರು ಬೈಟ್‌ನ ಸ್ಟ್ರಿಂಗ್ ಎಂದು ಭಾವಿಸಿ ಸ್ಟ್ರ್‌ಸ್ಟ್ರ್ ಬಳಸಿ. ಯುಟಿಎಫ್-8ರಲ್ಲಿ ಅಕ್ಷರದ ಮೊದಲ ಬೈಟ್ ಎಂದೂ 128ರಿಂದ 191ರೊಳಗೆ ಇರುವುದಿಲ್ಲ, ನಂತರದ ಬೈಟ್‌ಗಳು ಯಾವಾಗಲೂ ಅದರೊಳಗೇ ಇರುತ್ತವೆ. ಹಾಗಾಗಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ತಪ್ಪು ಹೊಂದಾಣಿಕೆ ಆಗುವುದಿಲ್ಲ.

ಕೈಯಾರೆ ಬೈಟ್ ಹೋಲಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ಸಾಮಾನ್ಯ ಇಂಟೆಲ್ ಕಂಪ್ಯೂಟರುಗಳಲ್ಲಿ ‘ಚಾರ್’ ಬಗೆಗೆ ಋಣ ಚಿಹ್ನೆಯೂ ಉಂಟು. 224 ಎಂಬ ಬೈಟ್ ಅಲ್ಲಿ -32 ಎಂದು ಕಾಣುತ್ತದೆ. ಅದನ್ನು 224ಕ್ಕೆ ಹೋಲಿಸಿದರೆ ಎಂದಿಗೂ ಸಮವಾಗದು. ಹೋಲಿಸುವ ಮೊದಲು ‘ಅನ್‌ಸೈನ್ಡ್ ಚಾರ್’ಗೆ ಬದಲಿಸಿಕೊಳ್ಳಬೇಕು.

ಸ್ಟ್ರ್‌ಸ್ಟ್ರ್ ಬಳಸಿದರೂ ಎರಡು ತೊಡಕು ಉಳಿಯುತ್ತವೆ. ಒಂದು, ‘ಕ’ ಹುಡುಕಿದರೆ ‘ಕಾ’, ‘ಕಿ’, ‘ಕ್ಷ’ ಎಲ್ಲದರಲ್ಲೂ ಸಿಗುತ್ತದೆ. ಬರೀ ‘ಕ’ ಬೇಕಾದರೆ ಮುಂದಿನ ಸಂಕೇತ ಸ್ವರಚಿಹ್ನೆಯೋ ವಿರಾಮ ಚಿಹ್ನೆಯೋ ಅಲ್ಲ ಎಂದು ನೋಡಬೇಕು. ಎರಡು, ‘ಕೋ’ ಎಂಬುದನ್ನು ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಅದರ ತುಣುಕುಗಳನ್ನು ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಎಂಬ ಹೆಜ್ಜೆ ಬೇಕಾಗುತ್ತದೆ.

ಹೆಸರು ಅರ್ಧಕ್ಕೆ ತುಂಡಾಗುವುದು ಏಕೆ?

‘ಲಕ್ಷ್ಮೀನಾರಾಯಣ’ ಎಂಬ ಹೆಸರು ಇಂಗ್ಲಿಷ್‌ನಲ್ಲಿ 15 ಬೈಟ್, ಕನ್ನಡದಲ್ಲಿ 13 ಸಂಕೇತಗಳು, ಅಂದರೆ 39 ಬೈಟ್. ಹೆಸರಿಗೆ 32 ಬೈಟ್ ಸಾಕು ಎಂದು ಯಾರೋ ಎಂದೋ ನಿರ್ಧರಿಸಿದ್ದರೆ ನಲ್‌ಗೆ ಒಂದು ಬಿಟ್ಟು ಉಳಿಯುವುದು 31. ಅಷ್ಟರಲ್ಲಿ ಹಿಡಿಯುವುದು ‘ಲಕ್ಷ್ಮೀನಾರ’ ಮತ್ತು ಮುಂದಿನ ಚಿಹ್ನೆಯ ಒಂದು ಮುರುಕು ಬೈಟ್. ಪರದೆಯ ಮೇಲೆ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಚೌಕವೋ ವಜ್ರವೋ ಕಾಣುವುದು ಹೀಗೆ. ಗುರುತಿನ ಚೀಟಿಯಲ್ಲೋ ರಸೀದಿಯಲ್ಲೋ ಹೆಸರು ಹೀಗೆ ಅಚ್ಚಾದರೆ ಎರಡು ದಾಖಲೆಗಳು ಹೊಂದುವುದಿಲ್ಲ, ಅಲೆದಾಟ ಹೆಸರಿನವರ ಪಾಲಿಗೆ.

ನಿಜವಾದ ಪರಿಹಾರ ಹೆಚ್ಚು ಜಾಗ ಇಡುವುದು. ಕತ್ತರಿಸಲೇಬೇಕಾದ ಕಡೆ ಹಿಮ್ಮುಖ ಹುಡುಕಾಟ ನೆರವಾಗುತ್ತದೆ:

1. ಕತ್ತರಿಸಬೇಕಾದ ಸ್ಥಾನದ ಬೈಟ್ ನೋಡಿ. ಇಲ್ಲಿ ಅದು ಸ್ಥಾನ 31.
2. ಅದು 128ರಿಂದ 191ರೊಳಗಿದ್ದರೆ ಅಕ್ಷರದ ನಡುವೆ ಇದ್ದೀರಿ. ಒಂದು ಸ್ಥಾನ ಹಿಂದೆ ಸರಿಯಿರಿ.
3. ಆ ವ್ಯಾಪ್ತಿಯ ಹೊರಗಿನ ಬೈಟ್ ಸಿಗುವ ತನಕ ಹೀಗೇ ಮಾಡಿ. ಇಲ್ಲಿ ಅದು ಸ್ಥಾನ 30.
4. ಅಲ್ಲಿ ನಲ್ ಬರೆಯಿರಿ.

ಹೆಸರು ಚಿಕ್ಕದಾದರೂ ಮುರುಕು ಬೈಟ್ ಉಳಿಯುವುದಿಲ್ಲ.

ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

ನಂಬಿಕೆ: ಸ್ಟ್ರ್‌ಚರ್ ಅಕ್ಷರದ ಸ್ಥಾನವನ್ನು ಕೊಡುತ್ತದೆ.
ವಾಸ್ತವ: ಅದು ಕೊಡುವುದು ವಿಳಾಸ. ಸ್ಥಾನಕ್ಕೆ ಆರಂಭದ ವಿಳಾಸವನ್ನು ಕಳೆಯಬೇಕು.

ನಂಬಿಕೆ: ಅಕ್ಷರ ಇಲ್ಲದಿದ್ದರೆ ಸ್ಟ್ರ್‌ಚರ್ -1 ಕೊಡುತ್ತದೆ.
ವಾಸ್ತವ: -1 ಎಂಬುದು ನಾವು ಬರೆಯುವ ಲೂಪ್‌ನ ವಾಡಿಕೆ. ಸ್ಟ್ರ್‌ಚರ್ ಕೊಡುವುದು ನಲ್ ಪಾಯಿಂಟರ್.

ನಂಬಿಕೆ: ಸ್ಟ್ರ್‌ಲೆನ್ ಎಷ್ಟು ಅಕ್ಷರ ಇದೆ ಎಂದು ಹೇಳುತ್ತದೆ.
ವಾಸ್ತವ: ನಲ್‌ಗೆ ಮೊದಲು ಎಷ್ಟು ಬೈಟ್ ಇದೆ ಎಂದಷ್ಟೇ ಹೇಳುತ್ತದೆ.

ನಂಬಿಕೆ: ಕಂಪ್ಯೂಟರಿಗೆ ಕನ್ನಡ ಕಷ್ಟ.
ವಾಸ್ತವ: ಕಂಪ್ಯೂಟರಿಗೆ ಎಲ್ಲವೂ ಸಂಖ್ಯೆಯೇ. ಕಷ್ಟ ಹುಟ್ಟುವುದು, ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದು ಪ್ರೋಗ್ರಾಂ ಬರೆಯುವವರು ಅಂದುಕೊಂಡಾಗ.

ಯಾವಾಗ ಯಾವುದನ್ನು ಬಳಸಬೇಕು?

ಆಸ್ಕಿ ಅಕ್ಷರ ಮೊದಲು ಎಲ್ಲಿದೆ ಎಂದು ತಿಳಿಯಲು ಸ್ಟ್ರ್‌ಚರ್, ಕೊನೆಗೆ ಎಲ್ಲಿದೆ ಎನ್ನಲು ಸ್ಟ್ರ್‌ಆರ್‌ಚರ್. ಉದ್ದ ಗೊತ್ತಿದ್ದು ನಡುವೆ ಸೊನ್ನೆ ಇರಬಹುದಾದರೆ ಮೆಮ್‌ಚರ್. ಕನ್ನಡ ಅಥವಾ ಬೇರಾವುದೇ ಬಹುಬೈಟ್ ಅಕ್ಷರಕ್ಕೆ ಸ್ಟ್ರ್‌ಸ್ಟ್ರ್. ಯಾವುದನ್ನೇ ಬಳಸಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಸ್ಟ್ರಿಂಗ್‌ನ ಕೊನೆಯಲ್ಲಿ ನಲ್ ಇದೆಯೇ? ಅಕ್ಷರ ಸಿಗದಿದ್ದರೆ ನನ್ನ ಪ್ರೋಗ್ರಾಂ ಏನು ಮಾಡುತ್ತದೆ? ಇಲ್ಲಿ ಯಾರಾದರೂ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರೆ ಏನಾಗುತ್ತದೆ? ಲ್ಯಾಬ್ ಪರೀಕ್ಷೆಯಲ್ಲಿ ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪ್ರೋಗ್ರಾಂ ಬಳಸುವ ಜನ ಮಾತ್ರ ಮೊದಲ ದಿನವೇ ಕೇಳುತ್ತಾರೆ.